ಎಡಗಡೆ ದಾರದ ಗಂಟು

ತಾವರಗೇರಾದ ಬಯಲಾಗ ಒಬ್ಬ ಕಾಕಾ ಎರಡು ದಾರದ ಗಾಳಿಪಟ ಹಾರಸಾಕ ಬಂದಿದ್ದ. ನನಗ ಪಟ ಹಿಡ್ಕೊಂಡು ನಿಲ್ಲಾಕ ಹೇಳಿದ.

"ಗಾಳಿ ಭಾಳ ಕಡಿಮಿ ಐತಿ. ನಾ ಹಿಂದಕ ನಡದ್ರ ಪಟ ಏಳತೈತಿ. ಎರಡೂ ದಾರ ಸಮ ಇರಬೇಕು, ನೋಡು."

ಅಷ್ಟು ಕೇಳಿದ್ದೇ ತಡ, ಅವ ಆಕಡಿ ಹೋಗೂದ್ರಾಗ ಎಡಗಡೆ ದಾರಕ್ಕ ಗಂಟು ಹಾಕಿ ಗಿಡ್ಡ ಮಾಡಿದೆ. ಪಟ ಮೂರು ಸಲ ಎಡಕ್ಕ ತಿರುಗಿ ಬಿತ್ತು. ನಾ ಒಳಗೊಳಗ ನಕ್ಕೆ.

ಕಾಕಾ ಎಡಗೈ ನೋಡಿಕೋತ ಕುಂತುಬಿಟ್ಟ. "ಲಕ್ವಾ ಹೊಡದ ಕೈ. ಇನ್ನ ಇದು ಸುಧಾರ್ಸೂದಿಲ್ಲ ಬಿಡಪಾ."

"ಕೈ ಛಲೋ ಐತ್ರಿ ಕಾಕಾ. ಗಂಟು ನಾ ಹಾಕೀನ್ರಿ."

"ಬಿಚ್ಚು," ಅಂದ, ಅಷ್ಟೇ.

ಎಳದೆಳದು ಬಿಗದಿದ್ದ ಗಂಟನ್ನ ಹಲ್ಲಿಲೆ ಬಿಚ್ಚಿದೆ. ಪಟ ನೆಟ್ಟಗ ಏರಿತು. ಕಾಕಾ ಪಟ ನೋಡೂದು ಬಿಟ್ಟು ತನ್ನ ಎಡಗೈನೇ ನೋಡಾಕತ್ತಿದ್ದ. ಬೈದಿದ್ರ ನಕ್ಕು ಓಡಿಹೋಗತಿದ್ದೆ. ಹಲ್ಲಿನ ಸಂದ್ಯಾಗ ದಾರ ಸಿಕ್ಕವನಿಗೆ ನಗಾಕೂ ಬರೂದಿಲ್ಲ.