ಇನ್ನೊಮ್ಮಿ ಮೂಸಿ ನೋಡು

ದೊಡ್ಡಬಸಪ್ಪ ಮೇಸ್ತ್ರಿಯನ್ನು ಮಣ್ಣು ಮಾಡುವ ದಿನವೂ ಅವನ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿ ಕಪ್ಪಾಗಿಯೇ ಇದ್ದವು. ಹೆಂಡತಿ ಬಸವಣ್ಣೆಮ್ಮ ಸೀಗೆಪುಡಿ ಹಚ್ಚಿ ತಿಕ್ಕಿದಳು, ಬೂದಿ ಹಚ್ಚಿ ತಿಕ್ಕಿದಳು, ಮಸಿ ಹೋಗಲಿಲ್ಲ. "ಇರ್ಲಿ ಬಿಡ್ರಿ, ಅದರಿಂದನ ಉಂಡೀವಿ" ಎಂದು ಕೊನೆಗೆ ಕೈಬಿಟ್ಟಳು.

ಅವನು ಅಳವಂಡಿಯವನು. ಹರೆಯದಲ್ಲಿ ಗದಗಿಗೆ ಹೋಗಿ ಮೋಟಾರು ಕೆಲಸ ಕಲಿತು, ಮೂವತ್ತೈದನೆಯ ಇಸವಿಯ ಸುಮಾರಿಗೆ ಕೊಪ್ಪಳಕ್ಕೆ ಬಂದು ಕುಷ್ಟಗಿ ರಸ್ತೆಯ ಬದಿಗೆ ತಗಡಿನ ಶೆಡ್ಡು ಹಾಕಿದ. ಆಗ ಈ ಸೀಮೆಯಲ್ಲಿ ಓಡುವ ಗಾಡಿಗಳೇ ಕಡಿಮೆ. ಇದ್ದವು ಕೆಟ್ಟರೆ ಅವನ ಬಾಗಿಲಿಗೇ ಬರಬೇಕು.

ಬಂದ ಗಾಡಿಯ ಎಂಜಿನ್ನಿನಿಂದ ಅವನು ಮೊದಲು ಬಿಚ್ಚುತ್ತಿದ್ದುದು ಕಿಡಿ ಹಾರಿಸುವ ಪ್ಲಗ್ಗನ್ನು. "ಇದು ಗಾಡಿ ನಾಲಿಗಿ. ಹೊಟ್ಟಿ ಕೆಟ್ಟಿದ್ದು ಇಲ್ಲೇ ಕಾಣತೈತಿ" ಎನ್ನುತ್ತಿದ್ದ. ಒಣ ಮಸಿ ಕಾಡಿಗೆಯ ಹಾಗೆ ಬೆರಳಿಗೆ ಹತ್ತಿದರೆ ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ. ಕಪ್ಪಾಗಿ ಹಸಿಯೂ ಆಗಿದ್ದರೆ ಎರಡು ಅನುಮಾನ. ಯಾರೋ ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿರಬೇಕು, ಇಲ್ಲವೇ ಪಿಸ್ಟನ್ನಿನ ಸುತ್ತಲಿನ ಬಳೆ, ಅಂದರೆ ರಿಂಗು, ಮುರಿದು ಕೆಳಗಿನ ಎಂಜಿನ್ ಎಣ್ಣೆ ಮೇಲೇರುತ್ತಿರಬೇಕು. ಎರಡರಲ್ಲಿ ಯಾವುದೆಂದು ತಿಳಿಯಲು ಗದಗಿನ ಉಸ್ತಾದರು ಕಲಿಸಿದ ದಾರಿ ಒಂದಿತ್ತು. ಎಲ್ಲ ಪ್ಲಗ್ಗುಗಳನ್ನೂ ಬಿಚ್ಚಿ ಅರಿವೆಯ ಮೇಲೆ ಸಾಲಾಗಿ ಇಡಬೇಕು. ಎಲ್ಲವೂ ಕಪ್ಪಾಗಿದ್ದರೆ ದೋಷ ಪೆಟ್ರೋಲಿನದು. ಒಂದೇ ಕಪ್ಪಾಗಿದ್ದರೆ ಅದರ ಕೆಳಗಿನ ರಿಂಗಿನದು.

ದೊಡ್ಡಬಸಪ್ಪನಿಗೆ ಅಷ್ಟು ದೂರ ಹೋಗುವ ಕೆಲಸವೇ ಇರಲಿಲ್ಲ. ಒಂದು ಪ್ಲಗ್ಗನ್ನು ಮೂಗಿಗೆ ಹಿಡಿದರೆ ಮುಗಿಯಿತು. ಡ್ರೈವರರು ಅವನ ಕಣ್ಣು ಕಟ್ಟಿ, ಬೇರೆ ಬೇರೆ ಗಾಡಿಯ ಪ್ಲಗ್ಗು ಮೂಸಲು ಕೊಟ್ಟು, ಚಹಾದ ಪಂದ್ಯ ಕಟ್ಟುತ್ತಿದ್ದರು. ಚಹಾ ಯಾವಾಗಲೂ ಅವನದೇ. ಹೀಗೆ ಅವನು 'ಮೂಗಿನ ಮೇಸ್ತ್ರಿ' ಆದ. ಆ ಹೆಸರು ಅವನಿಗೆ ಬಹಳ ಸೇರಿತ್ತು.

ಕಿನ್ನಾಳದ ಗಿಡ್ಡಪ್ಪ ಅವನ ಜೀವದ ಗೆಳೆಯ. ಹೆಸರಷ್ಟೇ ಗಿಡ್ಡ, ಆಳು ಶೆಡ್ಡಿನೊಳಗೆ ಬರಲು ತಲೆ ಬಗ್ಗಿಸಬೇಕಾಗಿತ್ತು. ಸಾಹುಕಾರ ದೇವೇಂದ್ರಪ್ಪನ ಲಾರಿ ನಡೆಸುತ್ತಿದ್ದ. ಯಲಬುರ್ಗಿ, ಕುಷ್ಟಗಿಗಳಿಂದ ಹತ್ತಿಯ ಅಂಡಿಗೆ ತುಂಬಿಕೊಂಡು ಕೊಪ್ಪಳದ ಸ್ಟೇಷನ್ನಿಗೆ ಇಳಿಸಿ, ಶೆಡ್ಡಿಗೆ ಬಂದು ದೊಡ್ಡಬಸಪ್ಪನ ಜೊತೆ ಬುತ್ತಿ ಬಿಚ್ಚುತ್ತಿದ್ದ.

ಯುದ್ಧ ಬಂತು. ಪೆಟ್ರೋಲು ಕೂಪನ್ನಿನ ಮೇಲೆ ಅಳೆದು ಕೊಡುವಂತಾಯಿತು. ಕೆಲವು ಡ್ರೈವರರು ಪೆಟ್ರೋಲು ಮಾರಿಕೊಂಡು ಸೀಮೆಎಣ್ಣೆ ಸುರಿಯುತ್ತಿದ್ದುದೂ ನಿಜ. ಅಂಥ ದಿನಗಳಲ್ಲಿ ದೇವೇಂದ್ರಪ್ಪನ ಲಾರಿ ಏರು ಬಂದಲ್ಲೆಲ್ಲ ಏದುಸಿರು ಬಿಡತೊಡಗಿತು. ಒಂದು ಮುಂಜಾನೆ ಸಾಹುಕಾರ ತಾನೇ ಲಾರಿಯಲ್ಲಿ ಕೂತು ಶೆಡ್ಡಿಗೆ ಬಂದ. ಸ್ಟೇಷನ್ನಿನ ಮುಂದೆ ನಿಲ್ಲುವ ಡ್ರೈವರರು, ಟಾಂಗಾದವರು ಹಿಂದೆಯೇ ಬಂದರು.

"ಏನ್ ಮೇಸ್ತ್ರಿ, ನಿನ್ನ ಗೆಳೆಯಾ ನನ್ನ ಗಾಡಿಗೆ ಸೀಮಿಎಣ್ಣಿ ಕುಡಸಾಕತ್ಯಾನಂತ ಮಂದಿ ಅಂತಾರ. ನಿನ್ನ ಮೂಗು ಏನಂತೈತಿ?"

ಗಿಡ್ಡಪ್ಪ ನಕ್ಕ. "ನೋಡ್ಲಿ ಬಿಡ್ರಿ ಸಾವ್ಕಾರ್ರ. ನನ್ನ ಮಾತು ಬ್ಯಾಡ, ಆ ಮೂಗಿನ ಮಾತ ನಡೀಲಿ."

"ಮೂಗಿನ ಕಚೇರಿ ಸುರು ಆತು, ಸುಮ್ಮನಿರ್ರಪಾ!" ಎಂದ ಟಾಂಗಾದ ವಿರುಪಣ್ಣ. ಎಲ್ಲರೂ ನಕ್ಕರು.

ದೊಡ್ಡಬಸಪ್ಪನಿಗೆ ಕೆಲವು ದಿನಗಳಿಂದ ನೆಗಡಿ. ಮೂಗು ಪೂರ್ತಿ ಕಟ್ಟಿತ್ತು. ಅದನ್ನು ಹೇಳಿ, ಎಲ್ಲ ಪ್ಲಗ್ಗು ಬಿಚ್ಚಿ ಸಾಲಾಗಿ ಇಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಅಷ್ಟು ಜನ ಆ ಮೂಗನ್ನು ನೋಡಲೆಂದೇ ನಿಂತಿದ್ದರು. ಕೈಗೆ ಹತ್ತಿರವಿದ್ದ ಒಂದೇ ಪ್ಲಗ್ಗು ಬಿಚ್ಚಿದ. ಕಪ್ಪಾಗಿತ್ತು, ಹಸಿಯಾಗಿತ್ತು. ಮೂಗಿಗೆ ಹಿಡಿದ. ಕಬ್ಬಿಣದ ಬಿಸಿ ತಾಗಿತೇ ಹೊರತು ವಾಸನೆ ಯಾವುದೂ ಬರಲಿಲ್ಲ.

"ಸೀಮಿಎಣ್ಣಿ" ಎಂದ.

ಗಿಡ್ಡಪ್ಪನ ಮುಖದ ಮೇಲಿನ ನಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಹತ್ತಿರ ಬಂದು ಮೆಲ್ಲಗೆ ಅಂದ: "ಬಸಣ್ಣ, ಇನ್ನೊಮ್ಮಿ ಮೂಸಿ ನೋಡು."

ದೊಡ್ಡಬಸಪ್ಪ ಇನ್ನೊಮ್ಮೆ ಮೂಸಿದ. ಈ ಸಲ ಕಣ್ಣು ಮುಚ್ಚಿ, ಮೊದಲಿಗಿಂತ ಹೆಚ್ಚು ಹೊತ್ತು. "ಸೀಮಿಎಣ್ಣಿನ ರೀ" ಎಂದ.

ಗಿಡ್ಡಪ್ಪ ಗಾಡಿ ಚಾಲೂ ಮಾಡುವ ಹ್ಯಾಂಡಲನ್ನು ಸಾಹುಕಾರನ ಕಾಲ ಬಳಿ ಇಟ್ಟು ನಡೆದುಹೋದ. ಪೆಟ್ರೋಲು ಕಳ್ಳನೆಂಬ ಹೆಸರು ಅವನಿಗಿಂತ ಮೊದಲೇ ಎಲ್ಲ ಕಡೆ ಮುಟ್ಟಿತು. ಯಾರೂ ಗಾಡಿ ಕೊಡಲಿಲ್ಲ. ಕಿನ್ನಾಳದಲ್ಲೇ ಉಳಿದು, ಗೊಂಬೆ ಮಾಡುವವರಿಗೆ ಹಗುರ ಕಟ್ಟಿಗೆ ಕಡಿದುಕೊಡುವ ಕೂಲಿಗೆ ನಿಂತ.

ಒಂದು ದಿನ ಬಸವಣ್ಣೆಮ್ಮ ಹಾಕಿದ ಒಗ್ಗರಣೆಯ ಘಮ ದೊಡ್ಡಬಸಪ್ಪನ ಮೂಗಿಗೆ ಬಂತು. ನೆಗಡಿ ಬಿಟ್ಟಿತ್ತು. ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ. ಆಗಲೂ ಎದ್ದು ಸಾಹುಕಾರನ ಹತ್ತಿರ ಹೋಗಲಿಲ್ಲ. ಪ್ಲಗ್ಗು ಹಸಿಯಾಗಿದ್ದುದು ಸುಳ್ಳಲ್ಲವಲ್ಲ, ಮಂದಿಯೂ ಹಾಗೇ ಅನ್ನುತ್ತಿದ್ದರಲ್ಲ ಎಂದು ಒಳಗೊಳಗೇ ವಾದ ಮಾಡಿಕೊಂಡ.

ಮುಂದಿನ ಅಮಾವಾಸ್ಯೆಯ ಹೊತ್ತಿಗೆ ಹೊಸ ಡ್ರೈವರ ಅದೇ ಲಾರಿಯನ್ನು ಅದೇ ಏದುಸಿರಿನೊಂದಿಗೆ ತಂದು ನಿಲ್ಲಿಸಿದ. ದೊಡ್ಡಬಸಪ್ಪ ಅರಿವೆ ಹಾಸಿ ಎಲ್ಲ ಪ್ಲಗ್ಗು ಬಿಚ್ಚಿದ. ಉಳಿದವೆಲ್ಲ ಇಟ್ಟಂಗಿ ಪುಡಿಯ ಬಣ್ಣಕ್ಕೆ ಒಣಗಿ ಸ್ವಚ್ಛವಾಗಿದ್ದವು. ಒಂದು ಮಾತ್ರ ಕಪ್ಪು, ಜಿಗಟು. ಮೂಸಿದ. ಸುಟ್ಟ ಎಂಜಿನ್ ಎಣ್ಣೆ. ಎಂಜಿನ್ನು ಇಳಿಸಿದಾಗ ಆ ಪಿಸ್ಟನ್ನಿನ ರಿಂಗು ಮುರಿದು ಕೈಗೆ ಬಂತು.

ಸಾಹುಕಾರನಿಗೆ ಅದನ್ನು ತೋರಿಸಿ, ಗಿಡ್ಡಪ್ಪನನ್ನು ಕರೆಸಿರೆಂದು ಕೇಳಿಕೊಂಡ. "ಹಂಗಾರ ಅಂವ ಕದ್ದಿಲ್ಲನ್ನು" ಎಂದ ದೇವೇಂದ್ರಪ್ಪ. "ಹೋಗ್ಲಿ ಬಿಡು, ಈ ಹೊಸಾಂವನೂ ಛಲೋನ ಅದಾನ. ರಿಂಗು ಯಾವಾಗ ಹಾಕ್ತಿ?"

ಮುರಿದ ತುಂಡನ್ನು ಕಿಸೆಯಲ್ಲಿಟ್ಟುಕೊಂಡು ದೊಡ್ಡಬಸಪ್ಪ ಕಿನ್ನಾಳಕ್ಕೆ ನಡೆದ. ಬಾಗಿಲಲ್ಲಿ ಗಿಡ್ಡಪ್ಪನ ಹೆಂಡತಿ ಹುಲಗೆಮ್ಮ ನಿಂತಿದ್ದಳು. "ಬರ್ರಿ ಅನ್ನಾಕ ಬಾಯಿ ಬರವಲ್ದು. ಹೋಗ್ರಿ ಅನ್ನಬೇಕಂದ್ರ ಬಾಗಲಿಗೆ ಬಂದೀರಿ. ಕುಂದರ್ರಿ" ಎಂದು ಒಳಗೆ ಹೋದಳು.

ಗಿಡ್ಡಪ್ಪ ಹಿತ್ತಲಿನಿಂದ ಬಂದ. ಮೈಮೇಲೆಲ್ಲ ಕಟ್ಟಿಗೆಯ ಹೊಟ್ಟು. ರಿಂಗಿನ ತುಂಡು ತೆಗೆದುಕೊಂಡು ಬೆಳಕಿಗೆ ಹಿಡಿದು ತಿರುಗಿಸಿದ.

"ಆವತ್ತ ನಿನ್ನ ಮೂಗು ಕಟ್ಟಿತ್ತು" ಎಂದ.

"ನಿನಗ ಗೊತ್ತಿತ್ತಾ?"

"ದಿನಾ ನಿನ್ನ ಜೋಡಿ ಉಣ್ಣಾಕತ್ತಿದ್ದೆ. ನಮ್ಮಾಕಿ ಬೆಳ್ಳೊಳ್ಳಿ ಚಟ್ನಿಗೆ 'ಮಣ್ಣ ತಿಂದಂಗ ಆಗತೈತಿ' ಅಂದಾಂವ ಯಾರು?"

"ಮತ್ತ ಮಂದಿ ಮುಂದ ಹೇಳಬಾರದಾಗಿತ್ತೇನೋ ಮಾರಾಯ!"

"ನೀನ ಹೇಳ್ತೀ ಅಂತ ಕಾದೆ. ಅದಕ್ಕ ಇನ್ನೊಮ್ಮಿ ಮೂಸು ಅಂದೆ."

ದೊಡ್ಡಬಸಪ್ಪ ಅವನ ಕಾಲಿಗೆ ಬಾಗಿದ. ಗಿಡ್ಡಪ್ಪ ಹಿಂದೆ ಸರಿದ. "ಇಲ್ಲ್ಯಾಕ ಹೇಳ್ತಿ? ನಾ ಕಳ್ಳ ಅಲ್ಲಂತ ನನಗ ಗೊತ್ತೈತಿ. ಎಲ್ಲಿ ಅಂದ್ಯೋ ಅಲ್ಲಿ ಹೋಗಿ ಹೇಳು."

ಮರುದಿನ ದೊಡ್ಡಬಸಪ್ಪ ಸ್ಟೇಷನ್ನಿನ ಮುಂದೆ ನಿಂತು ಹೇಳಿದ. "ಆವತ್ತ ನನಗ ನೆಗಡಿ ಆಗಿತ್ತು. ವಾಸನಿ ಬರತಿದ್ದಿಲ್ಲ. ಎರಡನೇ ಸಲಾನೂ ಮೂಸಿದಂಗ ಮಾಡಿದೆ. ಗಿಡ್ಡಪ್ಪ ಹನಿ ಪೆಟ್ರೋಲ್ ಮುಟ್ಟಿಲ್ಲ."

ವಿರುಪಣ್ಣ ಅಂದ: "ಹಂಗಾರ ಇಷ್ಟ ವರ್ಷ ಕುಡದ ಚಹಾ ಹೊಳ್ಳಿ ಕೊಡಪಾ, ನೆಗಡಿ ಮೇಸ್ತ್ರಿ!"

ಆ ಹೆಸರೇ ನಿಂತಿತು. ಯಾರು ಹಾಗೆ ಕರೆದರೂ ಅವನು ಓ ಎನ್ನುತ್ತಿದ್ದ. ಸುದ್ದಿ ಗಂಗಾವತಿಯವರೆಗೆ ಹೋಯಿತು. ಅಲ್ಲಿಯ ಅಕ್ಕಿ ಗಿರಣಿಯವರು ಗಿಡ್ಡಪ್ಪನಿಗೆ ಲಾರಿ ಕೊಟ್ಟರು.

ಅಲ್ಲಿಂದಾಚೆ ದೊಡ್ಡಬಸಪ್ಪ ಅರಿವೆ ಹಾಸದೆ ಮಾತಾಡಿದ್ದಿಲ್ಲ. ಪ್ಲಗ್ಗುಗಳನ್ನೆಲ್ಲ ಸಾಲಾಗಿ ಇಟ್ಟು, ಮೊದಲು ಗಾಡಿಯ ಡ್ರೈವರನ ಕೈಗೇ ಕೊಡುತ್ತಿದ್ದ: "ನೀ ಮೂಸು. ನಿನಗೇನ ಬರತೈತಿ ಹೇಳು, ಆಮ್ಯಾಲ ನಾನು."

ಗಿಡ್ಡಪ್ಪನ ಲಾರಿ ವಾರಕ್ಕೊಮ್ಮೆ ಕುಷ್ಟಗಿಗೆ ಹೋಗುವಾಗ ಶೆಡ್ಡಿನ ಮುಂದೆ ಹಾದುಹೋಗುತ್ತಿತ್ತು. ಒಮ್ಮೆ ಹಾರ್ನು ಹೊಡೆಯುತ್ತಿತ್ತು, ನಿಲ್ಲುತ್ತಿರಲಿಲ್ಲ. ದೊಡ್ಡಬಸಪ್ಪ ಯಾವ ಕೆಲಸದಲ್ಲಿದ್ದರೂ ಎದ್ದು ನಿಲ್ಲುತ್ತಿದ್ದ.

"ಹಾರ್ನ್ ಹೊಡೀತಾನಲ್ಲ, ಇನ್ನೇನ ಬೇಕು ನಿಮಗ?" ಎಂದು ಬಸವಣ್ಣೆಮ್ಮ ಸಮಾಧಾನ ಹೇಳುತ್ತಿದ್ದಳು.

"ದನಾ ಅಡ್ಡ ಬಂದರೂ ಹಾರ್ನ್ ಹೊಡೀತಾರ ಬಿಡು" ಎನ್ನುತ್ತಿದ್ದ ಅವನು.

ನಲವತ್ತೊಂಬತ್ತರ ಶ್ರಾವಣದಲ್ಲಿ ಎದೆನೋವು ಬಂದು, ಗುಣವಾಗದೆ, ದೊಡ್ಡಬಸಪ್ಪ ತೀರಿಕೊಂಡ. ಶೆಡ್ಡಿನ ಮುಂದೆ ಇಟ್ಟಿದ್ದ ಹೆಣ ಎತ್ತುವ ಮೊದಲು ಕುಷ್ಟಗಿ ಕಡೆಯಿಂದ ಗಿಡ್ಡಪ್ಪನ ಲಾರಿ ಬಂತು. ಹಾರ್ನು ಹೊಡೆಯಲಿಲ್ಲ. ನಿಂತಿತು.

ಗಿಡ್ಡಪ್ಪ ತಲೆ ಬಗ್ಗಿಸಿ ಶೆಡ್ಡಿನೊಳಗೆ ಹೋದ. ಯಾರದೋ ಗಾಡಿಯ ಪ್ಲಗ್ಗುಗಳು ಅರಿವೆಯ ಮೇಲೆ ಸಾಲಾಗಿದ್ದವು. ನೋಡುವುದು ಅರ್ಧಕ್ಕೇ ನಿಂತಿತ್ತು. ಅವನು ಕೂತು ಒಂದೊಂದನ್ನೇ ಎತ್ತಿ ಮೂಸಿ, ಎಲ್ಲಿತ್ತೋ ಅಲ್ಲಿಯೇ ಇಟ್ಟ. ಹೊರಗೆ ಬಸವಣ್ಣೆಮ್ಮ ಕರೆಯುತ್ತಿದ್ದಳು, ಹೆಗಲು ಕೊಡಲು ಹೊತ್ತಾಯಿತೆಂದು.