ಶ್ರೀಪತಿ ಮಾಮನ ತನಿಖೆ

ಸ್ಟಾರ್ಟ್ ಆಗದ ಕಾರು ಕಂಡರೆ ಶ್ರೀಪತಿ ಮಾಮನ ಮುಖ ಅರಳುತ್ತಿತ್ತು. ಅದು ಸ್ಟಾರ್ಟ್ ಆದ ಕೂಡಲೇ ಬಾಡುತ್ತಿತ್ತು. ಚೆನ್ನೈನ ಪೆರಂಬೂರಿನಲ್ಲಿದ್ದ ನಮ್ಮ ಮನೆಯ ಮಹಡಿಯ ಮೇಲೆ ಅವರ ಸಂಸಾರ. ಅವರೇನು ಮೆಕ್ಯಾನಿಕ್ ಅಲ್ಲ, ಇನ್ಶೂರೆನ್ಸ್ ಕಂಪನಿಯಲ್ಲಿ ಆಕ್ಸಿಡೆಂಟ್ ಕ್ಲೇಮುಗಳನ್ನು ತನಿಖೆ ಮಾಡುತ್ತಿದ್ದವರು. ಅವರ ಕೈಯಲ್ಲಿ ಸ್ಪ್ಯಾನರ್ ಇದ್ದದ್ದನ್ನು ನಾನಂತೂ ನೋಡಿಲ್ಲ. ಲುಂಗಿಯಲ್ಲೇ ಇಳಿದು ಬಂದು, ಕೈ ಹಿಂದೆ ಕಟ್ಟಿಕೊಂಡು ಕಾರಿಗೆ ಒಂದು ಪ್ರದಕ್ಷಿಣೆ ಹಾಕಿ, ಮೂಸಿ ನೋಡಿ, ಆಮೇಲೆ ಮನೆಮಂದಿಯ ಹೇಳಿಕೆ ತೆಗೆದುಕೊಳ್ಳುತ್ತಿದ್ದರು.

"ಕೊನೇಲಿ ಓಡಿಸಿದ್ದು ಯಾರು? ನಿಲ್ಲಿಸುವಾಗ ಏನ್ ಸದ್ದು ಬಂತು? ಅಪ್ಪಡಿಯಾ, ಹೌದಾ!"

ಯಾರಾದರೂ ತಳ್ಳೋಣವೆಂದು ಬಂದರೆ ಗದರಿಬಿಡುವರು. "ತಳ್ಬೇಡ್ರೀ, ಸಾಕ್ಷಿ ಹಾಳಾಗತ್ತೆ! ಯಾಕೆ ನಿಂತಿತು ಅಂತ ತಿಳೀದೆ ಗಾಡಿ ಓಡಿದ್ರೆ ಏನ್ ಸುಖ?"

ಒಮ್ಮೆ ತ್ರಿಪ್ಲಿಕೇನಿಗೆ ಮದುವೆಗೆ ಹೊರಟಾಗ, ಮಾಮನ ವಿಚಾರಣೆಯ ನಡುವೆಯೇ ಅಪ್ಪ ಇನ್ನೊಮ್ಮೆ ಕೀ ತಿರುಗಿಸಿದ್ದೇ ನಮ್ಮ ಕಾರು ಗುರ್ರೆಂದಿತು. "ಆಫ್ ಮಾಡಿ ಸಾರ್, ಕಾರಣ ಇನ್ನೂ ಸಿಕ್ಕಿಲ್ಲ!" ಎಂದು ಮಾಮ ಕೂಗಿದರು. ಅಪ್ಪ ಗಾಬರಿಯಲ್ಲಿ ಆಫ್ ಮಾಡಿಯೇಬಿಟ್ಟರು. ಮತ್ತೆ ಅದು ಜಪ್ಪಯ್ಯ ಅನ್ನಲಿಲ್ಲ. ಆಟೋದಲ್ಲಿ ಹೋಗಿ ತಲುಪುವಷ್ಟರಲ್ಲಿ ಪಾಯಸ ಖಾಲಿ. ಸಂಜೆ ಮಾಮ ಗೇಟಿನಲ್ಲೇ ಕಾದಿದ್ದರು: "ಸಿಕ್ತು ಸಾರ್, ಬ್ಯಾಟರಿ ತಂತಿ ಸಡಿಲ!" ಅಪ್ಪ ಕೆಲವು ದಿನ ಅವರೊಡನೆ ಮಾತು ಬಿಟ್ಟಿದ್ದರು.

ಆ ಸೆಕೆಂಡ್ ಹ್ಯಾಂಡ್ ಕಾರು ಓಡುತ್ತಿದ್ದುದೇ ಭಾನುವಾರ. ಅಪ್ಪ ಬ್ಯಾಂಕಿಗೆ ಲೋಕಲ್ ಟ್ರೈನಿನಲ್ಲೇ ಹೋಗುತ್ತಿದ್ದರು. ತಾನೂ ಓಡಿಸಬೇಕೆಂದು ಅಮ್ಮನಿಗೆ ಬಲು ಆಸೆ. ಕೇಳಿದ್ದಕ್ಕೆ ಅಪ್ಪ, "ಈ ಟ್ರಾಫಿಕ್‌ನಲ್ಲಾ? ನಿನಗೇನು ತಲೆ ಕೆಟ್ಟಿದೆಯಾ?" ಎಂದು ನಕ್ಕಿದ್ದರು. ಅಮ್ಮ ಮತ್ತೆ ಕೇಳಲಿಲ್ಲ.

ಒಂದು ಭಾನುವಾರ ಕಾರು ಮುಷ್ಕರ ಹೂಡಿತು. "ಹಾಳಾದ್ದು, ಸೀಟೂ ಮುಂದಕ್ಕೆ ಜಾರಿದೆ, ಮೊಣಕಾಲು ತಾಗತ್ತೆ" ಎಂದು ಆರಡಿ ಎತ್ತರದ ಅಪ್ಪ ಬೈದುಕೊಂಡು ಇಳಿದರು. "ಅಪ್ಪಡಿಯಾ?" ಎಂದ ಮಾಮ ಒಳಗೆ ಬಗ್ಗಿದರು. ಪೆಟ್ರೋಲಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಚಳಿಯಲ್ಲಿ ಇಂಜಿನ್ ಹೊತ್ತಿಸಲು ಎಳೆಯುವ ಚೋಕ್ ಪೂರಾ ಹೊರಗಿತ್ತು, ಇಂಜಿನ್ನಿನಲ್ಲಿ ಪೆಟ್ರೋಲ್ ತುಂಬಿಕೊಂಡಿತ್ತು. ಚಳಿಯೇ ಇಲ್ಲದ ಚೆನ್ನೈನಲ್ಲಿ ಚೋಕ್ ಎಳೆಯುವವರು ಯಾರಪ್ಪಾ? ಮಾಮ ನನ್ನನ್ನು ನೋಡಿದರು. ಕಾಲೇಜಿನಲ್ಲಿದ್ದ ನಾನು ಆಗಲೇ ಅವರಷ್ಟು ಉದ್ದ. ಆಮೇಲೆ ಬಾಗಿಲಲ್ಲಿ ಸೆರಗು ಹಿಂಡುತ್ತ ನಿಂತಿದ್ದ ನಮ್ಮ ಗಿಡ್ಡ ಅಮ್ಮನನ್ನು ನೋಡಿದರು. ಅಮ್ಮನ ಮುಖ ಬಿಳಿಚಿಕೊಂಡಿತ್ತು.

ಮಾಮ ಸದ್ದಿಲ್ಲದೆ ಚೋಕ್ ಒಳಗೆ ತಳ್ಳಿದರು.

"ತೇವ ಸಾರ್. ಸಮುದ್ರದ ಗಾಳಿ. ಸ್ವಲ್ಪ ಹೊತ್ತು ಬಿಡಿ, ತಾನೇ ಸರಿಹೋಗತ್ತೆ."

ಅಬ್ಬಾ, ಎಂಥ ಸುಳ್ಳು! ಅಪ್ಪ ಕಾಫಿಗೆ ಒಳಗೆ ಹೋದದ್ದೇ, ಮಾಮ ಅಮ್ಮನ ಹತ್ತಿರ ಬಂದರು. "ಲಲಿತಮ್ಮಾ, ಕದ್ದು ಕಲಿಯೋದಾದ್ರೆ ನೆಟ್ಟಗೆ ಕಲೀರಿ. ನಾನೀಗ ರಿಟೈರ್ಡ್. ನಾಳೆ ಬೆಳಿಗ್ಗೆ ಬರ್ತೀನಿ."

ದಿನಾ ಅಪ್ಪ ಟ್ರೈನ್ ಹತ್ತಿದ ಮೇಲೆ ಪಾಠ. ಹಿಂದಿನ ಸೀಟಿನಲ್ಲಿ ಮಾಮನ ಹೆಂಡತಿ, ನಮ್ಮ ಮಾಮಿ, ವಿಷ್ಣುಸಹಸ್ರನಾಮ ಹೇಳಿಕೊಳ್ಳುತ್ತ ಕೂತಿರುತ್ತಿದ್ದರು. ಗೇರು ಬದಲಿಸುವಾಗ ಅವರ ದನಿ ಏರುತ್ತಿತ್ತು. ಲೈಸೆನ್ಸೂ ಆಯಿತು. ಅಪ್ಪನಿಗೆ ಹೇಳುವ ಧೈರ್ಯ ಮಾತ್ರ ಅಮ್ಮನಿಗೆ ಆಗಲಿಲ್ಲ.

ಅಷ್ಟರಲ್ಲಿ ಮಾಮ, ಮಾಮಿ ಮಧುರೆಗೆ, ಮಗಳ ಊರಿಗೆ ಹೊರಟು ನಿಂತರು. ಅವರು ಹೋದರೆ ಅಮ್ಮನ ಡ್ರೈವಿಂಗೂ ಅಲ್ಲಿಗೆ ಮುಗಿಯಿತೆಂದುಕೊಂಡೆ. ಸಾಮಾನು ಲಾರಿಯಲ್ಲಿ ಹೋಯಿತು, ಮಾಮಿಯೂ ಮೊದಲೇ ಹೋಗಿದ್ದರು. ಮಾಮನನ್ನು ಎಗ್ಮೋರ್ ಸ್ಟೇಷನ್ನಿಗೆ ಬಿಡಲು ಅಪ್ಪ ಕಾರು ತೆಗೆಯಹೋದರು.

"ನೀವು ಹಿಂದೆ ಕೂತ್ಕೊಳ್ಳಿ ಸಾರ್. ಲಲಿತಮ್ಮ ಓಡಿಸ್ತಾರೆ."

"ಯಾವ ಲಲಿತಮ್ಮ?" ಎಂದರು ಅಪ್ಪ, ಪಕ್ಕದಲ್ಲೇ ಹೆಂಡತಿ ನಿಂತಿದ್ದರೂ.

"ಆ ತೇವ, ಸಮುದ್ರದ ಗಾಳಿ ಎಲ್ಲಾ ಸುಳ್ಳು. ಬೈಯೋದಿದ್ರೆ ನನ್ನ ಬೈರಿ. ಮೊದ್ಲು ಅವ್ರು ಓಡಿಸೋದ್ ನೋಡಿ."

ದಾರಿಯುದ್ದಕ್ಕೂ ಅಪ್ಪ ನನ್ನ ಪಕ್ಕದಲ್ಲಿ ಮುಂದಿನ ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದರು. ಅಮ್ಮನ ಕುತ್ತಿಗೆ ಬೆವರಿತ್ತು, ಗೇರು ಮಾತ್ರ ಒಮ್ಮೆಯೂ ತಪ್ಪಲಿಲ್ಲ. ಸ್ಟೇಷನ್ನಿನಲ್ಲಿ ಮಾಮ ಅಪ್ಪನ ಮುಖವನ್ನೇ ದಿಟ್ಟಿಸಿದರು. ಅಲ್ಲಿ ಏನೂ ಸಿಗಲಿಲ್ಲ. ರೈಲು ಹೊರಟಿತು. ನಾವು ಅವರನ್ನು ನೋಡಿದ್ದು ಅದೇ ಕೊನೆ.

ಹೊರಗೆ ಬಂದು ಅಮ್ಮ ತಲೆ ತಗ್ಗಿಸಿ ಕಾರಿನ ಕೀ ಚಾಚಿದರು. ಅಪ್ಪ ತೆಗೆದುಕೊಳ್ಳಲಿಲ್ಲ. ಮಾಮ ಕೂತಿದ್ದ ಎಡಗಡೆಯ ಸೀಟಿನಲ್ಲಿ ಹೋಗಿ ಕೂತು, ಬಾಗಿಲು ಎಳೆದುಕೊಂಡರು.

"ಹತ್ತು ಲಲಿತಾ, ಹೊಟ್ಟೆ ಹಸೀತಿದೆ."