ಹತ್ತು ದಿನ ನೋಡಬೇಕಿದ್ದ ನಾಯಿ

ಕಚ್ಚುವ ನಾಯಿಯಿದ್ದ ಮನೆ ನಮ್ಮದು. ಎಪ್ಪತ್ತರ ದಶಕದ ಕೊನೆಯಲ್ಲಿ, ನಾನು ಏಳನೇ ಕ್ಲಾಸಿನ ಹುಡುಗಿಯಾಗಿದ್ದಾಗ, ಹೊಸಬರು ಯಾರಾದರೂ ಬಂದು ವಿಳಾಸ ಕೇಳಿದರೆ ಊರಿನವರು ನಮ್ಮ ಮನೆಯನ್ನು ಹಾಗೇ ಗುರುತು ಹೇಳುತ್ತಿದ್ದರು. ತುರುವೇಕೆರೆಗೂ ಮಾಯಸಂದ್ರಕ್ಕೂ ನಡುವಿನ, ಟಾರು ರಸ್ತೆಯಿಂದ ಸ್ವಲ್ಪ ಒಳಗಿದ್ದ ಸಣ್ಣ ಊರು ಅದು. ಕುಡಿಯುವ ನೀರಿಗೆ ಇದ್ದದ್ದು ಒಂದೇ ಬೋರಿಂಗು. ಅದಕ್ಕೆ ಹೋಗಬೇಕಾದರೆ ನಮ್ಮ ಮನೆಯ ಮುಂದಿನ ಓಣಿಯನ್ನೇ ಹಾಯಬೇಕು. ಆ ಓಣಿಯ ನಟ್ಟನಡುವೆ ನಮ್ಮ ನಾಯಿ ಮಲಗಿರುತ್ತಿತ್ತು.

ಅಪ್ಪ ಅದನ್ನು ಕೆಂಕೆರೆ ಕಡೆಯ ನೆಂಟರ ಮನೆಯಿಂದ ಮರಿಯಾಗಿದ್ದಾಗ ತಂದಿದ್ದ. ವರ್ಷದ ಕಾಯಿಯೆಲ್ಲ ಕೊಬ್ಬರಿಯಾಗಲೆಂದು ನಮ್ಮ ಅಟ್ಟದ ಮೇಲಿರುತ್ತಿತ್ತು. ಅದರ ಕಾವಲಿಗೆ ನಾಯಿ ಬೇಕಿತ್ತು. ಅಷ್ಟು ಸರಿ. ಆದರೆ ಅಟ್ಟ ಇದ್ದದ್ದು ಮನೆಯ ಒಳಗೆ, ನಾಯಿ ಇದ್ದದ್ದು ಓಣಿಯಲ್ಲಿ. ನೀರಿಗೆ ಹೋಗುವ ಹೆಂಗಸರು ಸೊಂಟದಲ್ಲಿ ಕೊಡ, ಕೈಯಲ್ಲಿ ಕಲ್ಲು ಹಿಡಿದು ಹೋಗುತ್ತಿದ್ದರು. ಕಟ್ಟಿಹಾಕಿ ಎಂದು ಕೇಳಿದವರಿಗೆಲ್ಲ ಅಪ್ಪ ನಗುತ್ತಲೇ, ಅದು ಏನೂ ಮಾಡುವುದಿಲ್ಲ, ನೀವು ಹೆದರಿದರೆ ಮಾತ್ರ ಮೇಲೆ ಬರುತ್ತದೆ ಎನ್ನುತ್ತಿದ್ದ. ಒಬ್ಬ ಮೇಷ್ಟರಿಗೆ ಕಚ್ಚಿದಾಗ ಅವರು ಓಡಿದ್ದು ತಪ್ಪಾಯಿತು. ಬಳೆ ಮಾರುವವನಿಗೆ ಕಚ್ಚಿದಾಗ ಅವನು ಗಂಟು ಹೊತ್ತು ಬಂದದ್ದು ತಪ್ಪಾಯಿತು. ಇನ್ನೊಬ್ಬರು ಕೊಡೆ ಬಿಚ್ಚಿದ್ದರು. ಯಾರಿಗೆ ಕಚ್ಚಿದರೂ ತಪ್ಪು ಕಚ್ಚಿಸಿಕೊಂಡವರದ್ದೇ. ನನಗೂ ಆಗ ಹಾಗೇ ಅನ್ನಿಸುತ್ತಿತ್ತು. ನಮ್ಮ ಮುಂದೆ ಬಾಲ ಅಲ್ಲಾಡಿಸುವ ನಾಯಿ ಬೇರೆಯವರಿಗೆ ಬೇರೆ ಥರ ಕಾಣುತ್ತದೆ ಎನ್ನುವುದು ಗೊತ್ತಾಗುವ ವಯಸ್ಸಲ್ಲ. ಅಪ್ಪನದು ಗೊತ್ತಾಗುವ ವಯಸ್ಸಾಗಿತ್ತು.

ಊರಿಗೆ ಮೊಸರು ಹಾಕುತ್ತಿದ್ದ ಒಬ್ಬ ಹೆಂಗಸಿದ್ದಳು. ವಯಸ್ಸು ಐವತ್ತರ ಆಸುಪಾಸು ಇರಬಹುದು, ಆದರೆ ತಲೆ ಪೂರ್ತಿ ನರೆತಿದ್ದರಿಂದ ನಾವು ಮಕ್ಕಳು ಅವಳನ್ನು ಮೊಸರಜ್ಜಿ ಎನ್ನುತ್ತಿದ್ದೆವು. ಗಂಡ ಸತ್ತು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಒಂದು ಎಮ್ಮೆ, ಬೋರಿಂಗಿನ ಆಚೆ ಒಂದು ನಾಡಹೆಂಚಿನ ಮನೆ, ಅಷ್ಟೇ ಅವಳ ಬದುಕು. ಅವಳು ಹೆಪ್ಪು ಹಾಕಿದ ಮೊಸರು ಎಷ್ಟು ಗಟ್ಟಿಯೆಂದರೆ ಸೌಟು ಹಾಕಿದರೆ ಹೋಳು ಹೋಳಾಗಿ ಏಳುತ್ತಿತ್ತು. ನನಗೆ ಕೆನೆ ಇಷ್ಟವೆಂದು ಅವಳಿಗೆ ಗೊತ್ತಿತ್ತು. ಅಮ್ಮ ಒಳಗೆ ಪಾತ್ರೆ ತರಲು ಹೋದಾಗ ಒಂದು ಚೂರು ಕೆನೆ ಎತ್ತಿ ನನ್ನ ಅಂಗೈಗೆ ಹಾಕುತ್ತಿದ್ದಳು.

ಅವತ್ತು ಬೆಳಿಗ್ಗೆ ನಾನು ಜಗಲಿಯ ಮೇಲೆ ಕೂತು ತಲೆ ಬಾಚಿಕೊಳ್ಳುತ್ತಿದ್ದೆ. ಅಜ್ಜಿ ತಲೆಯ ಮೇಲಿನ ಮೊಸರಿನ ಮಡಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಓಣಿಗೆ ಬಂದಳು. ಅವಳು ದಿನವೂ ಬರುವವಳು, ನಾಯಿಗೆ ಗುರುತಿದ್ದವಳು. ಅದು ಬೊಗಳಲೂ ಇಲ್ಲ. ಹಿಂದಿನಿಂದ ಹೋಗಿ ಅವಳ ಮೀನಖಂಡಕ್ಕೆ ಬಾಯಿ ಹಾಕಿತು. ಮಡಕೆ ಬಿಟ್ಟಿದ್ದರೆ ಕೈ ಬೀಸಿ ಓಡಿಸಬಹುದಿತ್ತು. ಅವಳು ಬಿಡಲಿಲ್ಲ. ಎಲ್ಲಿ ಮೊಸರು ಚೆಲ್ಲುತ್ತದೋ ಎಂದು ನಿಧಾನವಾಗಿ ಮಂಡಿಯೂರಿದಳು, ಮಡಕೆಯನ್ನು ನೆಲಕ್ಕಿಟ್ಟಳು, ಆಮೇಲೆ ಕಾಲಿನ ಕಡೆ ತಿರುಗಿದಳು. ಅಷ್ಟರಲ್ಲಿ ನಾಯಿ ಎರಡು ಸಲ ಕಚ್ಚಿ ಆಗಿತ್ತು. ನಾನು ಕೂಗಿ ಕರೆದ ಮೇಲೆ ಜಗಲಿಗೆ ಬಂದು ನನ್ನ ಕಾಲ ಬುಡದಲ್ಲೇ ಮಲಗಿತು.

ಅಮ್ಮ ಗಾಯಕ್ಕೆ ಸುಣ್ಣ ಮೆತ್ತಿದಳು. ಅಪ್ಪ ಹೊರಗೆ ಬಂದು ನೋಡಿ, ಸಾಕಿದ ನಾಯಿ, ವಿಷ ಇಲ್ಲ, ಹೆದರಬೇಡ ಎಂದ. ಆದರೆ ಹಿಂದೆ ಕಚ್ಚಿಸಿಕೊಂಡಿದ್ದ ಮೇಷ್ಟರು ಅಜ್ಜಿಯನ್ನು ಬಿಡಲಿಲ್ಲ. ಬಸ್ಸು ಹತ್ತಿಸಿ ಪೇಟೆಯ ಆಸ್ಪತ್ರೆಗೆ ಕಳಿಸಿದರು. ಆಗೆಲ್ಲ ನಾಯಿ ಕಚ್ಚಿದರೆ ಹೊಕ್ಕಳ ಸುತ್ತ ಹದಿನಾಲ್ಕು ಇಂಜೆಕ್ಷನ್ನು. ಡಾಕ್ಟರು ಶುರು ಮಾಡಿ, ಒಂದು ಮಾತು ಹೇಳಿ ಕಳಿಸಿದ್ದರು. ಕಚ್ಚಿದ ನಾಯಿಯನ್ನು ಕಟ್ಟಿಹಾಕಿ ಹತ್ತು ದಿನ ನೋಡಬೇಕು. ಹತ್ತು ದಿನ ಕಳೆದ ಮೇಲೂ ನಾಯಿ ಚೆನ್ನಾಗಿದ್ದರೆ ಭಯವಿಲ್ಲ, ಇಂಜೆಕ್ಷನ್ನು ನಿಲ್ಲಿಸಬಹುದು. ಅದು ಸತ್ತರೆ, ಇಲ್ಲ ಕಾಣೆಯಾದರೆ, ಹದಿನಾಲ್ಕೂ ಆಗಲೇಬೇಕು.

ಅಜ್ಜಿ ಇದನ್ನು ಅಪ್ಪನಿಗೆ ಹೇಳಿದಾಗ ನಾನು ಅಲ್ಲೇ ಇದ್ದೆ. ಅವಳು ಬೈಯಲಿಲ್ಲ. ಹತ್ತು ದಿನ ಮಾತ್ರ ಕಟ್ಟಿಹಾಕಿ ಯಜಮಾನ್ರೇ ಎಂದು ಕೇಳಿಕೊಂಡಳು. ಅಪ್ಪ ಆಗಲಿ ಎಂದ. ಸಂಜೆ ಎತ್ತಿನ ಹಗ್ಗ ತಂದು ಕಂಬಕ್ಕೆ ಕಟ್ಟಿದ. ಅಭ್ಯಾಸವಿಲ್ಲದ ನಾಯಿ, ಒಂದೇ ಸಮ ಊಳಿಟ್ಟಿತು. ಮರುದಿನ ಬೆಳಿಗ್ಗೆ ಎದ್ದು ಬಿಚ್ಚಿಬಿಟ್ಟ. ಕಟ್ಟಿದರೆ ಮಂಕಾಗುತ್ತದೆ, ಎಲ್ಲಿಗೆ ಹೋಗುತ್ತದೆ, ಕಣ್ಣೆದುರಿಗೇ ಇರುತ್ತದಲ್ಲ ಎಂದ.

ಅಜ್ಜಿ ದಿನಾ ಮಧ್ಯಾಹ್ನ ಆಸ್ಪತ್ರೆಯಿಂದ ಬರುವಾಗ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಮ್ಮ ಮನೆಯ ಮುಂದೆ ನಿಲ್ಲುತ್ತಿದ್ದಳು. ದೂರದಿಂದಲೇ ನಾಯಿಯನ್ನು ನೋಡಿ ಹೋಗುತ್ತಿದ್ದಳು. ಎರಡನೇ ದಿನ ಇತ್ತು, ಮೂರನೇ ದಿನ ಇತ್ತು. ನಾಲ್ಕನೇ ದಿನ ಬೆಳಿಗ್ಗೆ ಕಲ್ಲಿನ ಮರಿಗೆಯಲ್ಲಿ ಹಾಕಿದ್ದ ಮುದ್ದೆ ಹಾಗೇ ಒಣಗಿತ್ತು. ನಾಯಿ ಇರಲಿಲ್ಲ.

ಅಪ್ಪ ತೋಟದ ಸಾಲೆಲ್ಲ ತಿರುಗಿದ, ಪಕ್ಕದ ಊರಿನವರೆಗೂ ಹೋಗಿ ಕೇಳಿದ. ಸಿಗಲಿಲ್ಲ. ವಾಪಸ್ಸು ಬಂದವನು ನನ್ನನ್ನು ಕರೆದ.

“ಮಗಾ, ಆಯಮ್ಮ ಬಂದು ಕೇಳಿದ್ರೆ ತೋಟದಾಗೆ ಕಟ್ಟಾಕೀವಿ ಅನ್ನು. ಇಲ್ಲ ಅಂದ್ರೆ ಸುಮ್ನೆ ಹೆದರ್ಕೊಂಡು ಸಾಯ್ತಾಳೆ. ನಾಳೆ ನಾಡಿದ್ದರಲ್ಲಿ ಬತ್ತದೆ ಬುಡು.”

ಅವನು ಕೆಟ್ಟವನಾಗಿ ಹೇಳಿದನೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ನಾಯಿ ಬರುತ್ತದೆ ಎಂದು ನಿಜವಾಗಿ ನಂಬಿದ್ದ. ಆದರೆ ಅಜ್ಜಿಯ ಮುಂದೆ ನಿಂತು ಹೇಳುವುದಕ್ಕೆ ತಾನು ಉಳಿಯಲಿಲ್ಲ, ನನ್ನನ್ನು ನಿಲ್ಲಿಸಿ ತೋಟಕ್ಕೆ ಹೋದ.

ಅಜ್ಜಿ ಬಂದಳು. ನಾನು ಅಪ್ಪ ಹೇಳಿಕೊಟ್ಟದ್ದನ್ನು ಹೇಳಿದೆ. ಅವಳು ಉಣ್ಣುತ್ತಾ ಇದೆಯಾ ಎಂದು ಕೇಳಿದಳು. ಹೂಂ ಎಂದೆ. ನೀರು ಕುಡಿಯುತ್ತಾ ಎಂದಳು. ಹುಚ್ಚು ಹಿಡಿದ ನಾಯಿ ನೀರು ಮುಟ್ಟುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕುಡಿಯುತ್ತದೆ, ಒಂದು ಮರಿಗೆ ಪೂರ್ತಿ ಕುಡಿಯಿತು ಎಂದೆ. ಅಪ್ಪ ಹೇಳಿಕೊಟ್ಟ ಮಾತಲ್ಲ ಅದು. ಅದನ್ನು ಸೇರಿಸಿದವಳು ನಾನೇ. ಅವಳ ಮುಖ ಸಡಿಲವಾದದ್ದು ನೋಡಿ ನನಗೆ ಒಳ್ಳೆಯ ಕೆಲಸ ಮಾಡಿದೆ ಅನ್ನಿಸಿತು. ಮರುದಿನ ಅವಳು ಕೇಳುವ ಮೊದಲೇ ಹೇಳಿದೆ. ಹೀಗೆ ಆರು ದಿನ ಹೇಳಿದೆ. ತೋಟ ಕೆರೆಯ ಆಚೆ ದೂರವಿತ್ತು, ಗಾಯವಾದ ಕಾಲಿನಲ್ಲಿ ಅವಳು ಅಲ್ಲಿಗೆ ಹೋಗಿ ನೋಡುವ ಹಾಗಿರಲಿಲ್ಲ.

ಈ ನಡುವೆ ಆಸ್ಪತ್ರೆಯಲ್ಲಿ ಮೂರು ದಿನ ಔಷಧಿ ಇರಲಿಲ್ಲ. ಹತ್ತು ದಿನ ಕಳೆಯುವ ಹೊತ್ತಿಗೆ ಅವಳಿಗೆ ಏಳು ಇಂಜೆಕ್ಷನ್ನು ಆಗಿತ್ತು. ಹೊಟ್ಟೆಯೆಲ್ಲ ಗಂಟುಕಟ್ಟಿ ಬಗ್ಗಲು ಆಗುತ್ತಿರಲಿಲ್ಲ. ನಾಯಿ ಚೆನ್ನಾಗಿದೆ ಎಂದು ಡಾಕ್ಟರಿಗೆ ಹೇಳಿದಳು, ಅವರು ನಿಲ್ಲಿಸಿದರು. ಮಾರನೇ ದಿನ ಒಂದು ಬಾಳೆಲೆಯಲ್ಲಿ ಬೆಣ್ಣೆ ಮುದ್ದೆ ಕಟ್ಟಿಕೊಂಡು ನಮ್ಮ ಮನೆಗೆ ಬಂದಳು. ನಿಮ್ಮ ನಾಯಿ ಉಳಿದು ನನ್ನನ್ನೂ ಉಳಿಸಿತು ಎಂದು ಅಮ್ಮನ ಕೈಗೆ ಕೊಟ್ಟಳು. ಅಮ್ಮ ಬೇಡವೆನ್ನಲು ಬಾಯಿ ತೆರೆದವಳು ಅಪ್ಪನ ಮುಖ ನೋಡಿ ತೆಗೆದುಕೊಂಡಳು. ಅವತ್ತು ರೊಟ್ಟಿಗೆ ಆ ಬೆಣ್ಣೆ ಹಚ್ಚಿಕೊಂಡು ಎಲ್ಲರೂ ತಿಂದೆವು. ನಾನೂ ತಿಂದೆ.

ಸುಳ್ಳು ಬಹಳ ದಿನ ಉಳಿಯಲಿಲ್ಲ. ಇನ್ನೊಂದು ವಾರಕ್ಕೆ ನಮ್ಮ ತೋಟದಲ್ಲಿ ಕಾಯಿ ಕೆಡವಲು ಬಂದಿದ್ದ ಆಳಿನ ಹೆಂಡತಿ ಬೋರಿಂಗಿನ ಹತ್ತಿರ, ತೋಟದಲ್ಲಿ ಯಾವ ನಾಯಿಯೂ ಇಲ್ಲವಲ್ಲ ಎಂದಳಂತೆ. ಅಜ್ಜಿ ಕೊಡವನ್ನು ಅಲ್ಲೇ ಬಿಟ್ಟು ನಮ್ಮ ಅಂಗಳಕ್ಕೆ ಬಂದಳು. ಅಪ್ಪ ಕಾಯಿ ಆರಿಸುತ್ತಾ ಕೂತಿದ್ದ. ಅವಳು ಅವನನ್ನು ಕೇಳಲಿಲ್ಲ. ನನ್ನನ್ನೇ ಕೇಳಿದಳು.

“ನಿಜ ಹೇಳವ್ವ. ನಾಯಿ ಐತಾ?”

ನಾನು ಅಪ್ಪನ ಕಡೆ ನೋಡಿದೆ. ಅವನು ಒಂದು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದ. ತಲೆ ಎತ್ತಲಿಲ್ಲ.

“ಇಲ್ಲ,” ಅಂದೆ.

“ಯಾವತ್ತಿಂದ?”

“ನಾಕನೇ ದಿನದಿಂದ.”

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

“ನೀರು ಕುಡೀತು ಅಂದ್ಯಲ್ಲವ್ವ,” ಅಂದಳು. ಅಷ್ಟೇ. ಹೋದಳು.

ಪುನಃ ಆಸ್ಪತ್ರೆಗೆ ಹೋದಳು. ನಡುವೆ ಇಷ್ಟು ದಿನ ಬಿಟ್ಟದ್ದರಿಂದ ಮೊದಲಿನಿಂದ ಹದಿನಾಲ್ಕೂ ಆಗಬೇಕು ಎಂದರಂತೆ. ಆದರೆ ಔಷಧಿ ಮುಗಿದಿತ್ತು. ಮುಂದಿನ ವಾರ ಬಾ ಎಂದರು. ಮುಂದಿನ ವಾರವೂ ಬಂದಿರಲಿಲ್ಲ. ಮೂರನೇ ಸಲ, ತುಮಕೂರಿಗಾದರೂ ಹೋಗು ಎಂದರು. ಒಂಟಿ ಹೆಂಗಸು, ಹಾಲು ಕರೆಯುವ ಎಮ್ಮೆಯನ್ನು ಹದಿನಾಲ್ಕು ದಿನ ಯಾರಿಗೆ ಬಿಟ್ಟು ಹೋಗಬೇಕು? ಎಮ್ಮೆಗೆ ಏನಾದರೂ ದಾರಿ ಮಾಡಿ ಅವಳನ್ನು ತುಮಕೂರಿಗೆ ಕರೆದುಕೊಂಡು ಹೋಗಬೇಕೆಂದು ಮೇಷ್ಟರು ಮತ್ತು ಊರಿನ ಇಬ್ಬರು ಹಿರಿಯರು ಅಪ್ಪನನ್ನು ಕೇಳಿದರು. ನಾನೇ ಕರೆದುಕೊಂಡು ಹೋಗುತ್ತೇನೆ, ಸೋಮವಾರ ಹೊರಡೋಣ ಎಂದು ಅಪ್ಪ ಒಪ್ಪಿಕೊಂಡ. ಸೋಮವಾರ ಕಾಯಿ ಸುಲಿಯುವವರು ಬಂದರು. ಮುಂದಿನ ಸೋಮವಾರ ತಿಪಟೂರಿನಲ್ಲಿ ಕೆಲಸ ಬಂತು. ಅಜ್ಜಿ ಎರಡು ಸಲವೂ ಒಂದು ಚೀಲ ಹಿಡಿದು ಬಸ್ಸಿನ ರಸ್ತೆಯ ಆಲದಮರದ ಕೆಳಗೆ ಮಧ್ಯಾಹ್ನದವರೆಗೆ ಕೂತು ಎದ್ದು ಬಂದಳು. ಮೂರನೇ ಸೋಮವಾರ ಕೂರಲಿಲ್ಲ.

ಹಿರಿಯರು ಇನ್ನೊಂದು ಸಲ ಜಗಲಿಗೆ ಬಂದಾಗ ಮಾತು ಏರಿತು. ಅಪ್ಪನಿಗೆ ಆವತ್ತು ಸಿಟ್ಟು ಬಂದಿತ್ತು.

“ಕಚ್ಚಿದ್ ನಾಯೇ ಇಲ್ಲ ಕಣ್ರೀ. ಈಗ ನಾನು ಯಾರನ್ನ ಕಟ್ಟಾಕ್ಲಿ?”

ಹಿರಿಯರು ಕಾಫಿ ಕುಡಿದು ಎದ್ದು ಹೋದರು.

ಆಮೇಲೆ ನಡೆದದ್ದು ಸದ್ದಿಲ್ಲದೆ ನಡೆಯಿತು. ವಿಷ ಒಳಗೇ ಇರುತ್ತದೆ, ವರ್ಷ ಕಳೆದ ಮೇಲೂ ಏಳುತ್ತದೆ, ಅಂಥವರ ಎಂಜಲು ತಾಗಬಾರದು ಎಂದು ಊರಲ್ಲಿ ಮಾತಾಯಿತು. ಒಬ್ಬೊಬ್ಬರಾಗಿ ಅವಳಿಂದ ಮೊಸರು ಹಾಕಿಸಿಕೊಳ್ಳುವುದನ್ನು ಬಿಟ್ಟರು. ನಾಯಿ ನಮ್ಮದು, ಆದ್ದರಿಂದ ನಾವಾದರೂ ಕೊನೆಯವರೆಗೆ ಹಾಕಿಸಿಕೊಳ್ಳಬೇಕಿತ್ತು. ಅಮ್ಮ ಒಂದು ದಿನ ಒಲೆಯ ಮುಂದೆ ಕೂತು, ಮನೆಯಲ್ಲಿ ಮಕ್ಕಳಿದ್ದೀರಿ, ನಾನು ಏನು ಮಾಡಲಿ ಎಂದು ತನಗೆ ತಾನೇ ಹೇಳಿಕೊಂಡಳು. ಅಜ್ಜಿಯ ದನಿ ಕೇಳಿಸಿದಾಗ ಹೊರಗೆ ಹೋಗಲು ನನಗೇ ಹೇಳಿದಳು. ನಾನು ಬಾಗಿಲಲ್ಲಿ ನಿಂತು, ಇವತ್ತು ಮೊಸರು ಬೇಡವಂತೆ ಎಂದೆ. ಮರುದಿನವೂ ಹಾಗೇ ಹೇಳಿದೆ. ಮೂರನೇ ದಿನ ಅವಳು ಕೂಗಲಿಲ್ಲ, ನಮ್ಮ ಮನೆಯನ್ನು ದಾಟಿಕೊಂಡು ಹೋದಳು. ಮಡಕೆ ತುಂಬಿದ್ದದ್ದು ಅವಳ ಕತ್ತು ನೋಡಿದರೆ ತಿಳಿಯುತ್ತಿತ್ತು.

ಬೆಳಿಗ್ಗೆ ನಾನು ನೀರಿಗೆ ಹೋದಾಗ ಅವಳು ಬೋರಿಂಗಿನ ಕಟ್ಟೆಯ ಹತ್ತಿರ ಇರುತ್ತಿದ್ದಳು. ಒಂದು ಚೊಂಬಿಗೆ ನೀರು ಹಿಡಿದು, ಅದರೊಳಗೆ ಬಗ್ಗಿ ನೋಡುತ್ತಿದ್ದಳು. ಸ್ವಲ್ಪ ಹೊತ್ತು ಹಾಗೇ ನೋಡಿ, ಕಣ್ಣು ಮುಚ್ಚಿ, ಗಟಗಟನೆ ಕುಡಿದುಬಿಡುತ್ತಿದ್ದಳು. ಮೊದಮೊದಲು ಅವಳಿಗೆ ಬಾಯಾರಿಕೆ ಎಂದುಕೊಂಡಿದ್ದೆ. ನೀರಿನ ಭಯ ತನಗೆ ಬಂದಿದೆಯೋ ಇಲ್ಲವೋ ಎಂದು ಅವಳು ದಿನಾ ಪರೀಕ್ಷೆ ಮಾಡಿಕೊಳ್ಳುತ್ತಿದ್ದಳೆಂದು ಆಮೇಲೆ ಹೊಳೆಯಿತು. ಅವಳು ಕುಡಿದು ಮುಗಿಸುವವರೆಗೆ ನಾನು ಕೊಡ ತುಂಬಿಸುತ್ತಿರಲಿಲ್ಲ, ದೂರದಲ್ಲಿ ನಿಂತಿರುತ್ತಿದ್ದೆ. ಅವಳ ಗಂಟಲಲ್ಲಿ ನೀರು ಇಳಿಯುವುದನ್ನು ನೋಡಿದ ಮೇಲೆ ನನಗೂ ಆ ದಿನ ಕಳೆಯುತ್ತಿತ್ತು. ಇದು ಒಂದು ತಿಂಗಳಲ್ಲ. ನಾನು ಹೈಸ್ಕೂಲು ಮುಗಿಸುವವರೆಗೂ ನೋಡಿದೆ.

ಎಮ್ಮೆಯನ್ನು ಅವಳು ಆ ವರ್ಷವೇ ಮಾರಿದಳು. ಕೆರೆಯ ಹತ್ತಿರ ತೆಂಗಿನ ಸಿಪ್ಪೆ ನೆನೆಹಾಕಿ ನಾರು ಬಡಿಯುವ ಕೆಲಸಕ್ಕೆ ಹೋಗತೊಡಗಿದಳು. ಅಲ್ಲಿ ಸಿಪ್ಪೆಗೆ ಯಾರ ಎಂಜಲಿನ ಭಯವೂ ಇರಲಿಲ್ಲ. ಅಪ್ಪ ಅದೇ ವರ್ಷ ಇನ್ನೊಂದು ನಾಯಿ ತಂದ. ಅದೂ ಓಣಿಯಲ್ಲೇ ಬೆಳೆಯಿತು. ನಾನು ಒಂದು ಸಲ ಕಟ್ಟೋಣ ಅಪ್ಪ ಎಂದೆ. ಅವನು ನನ್ನ ಕಡೆ ನೋಡಿದ, ಕಟ್ಟಲಿಲ್ಲ. ಎರಡನೇ ಸಲ ಹೇಳುವ ಧೈರ್ಯ ನನಗೆ ಬರಲಿಲ್ಲ.

ಎಂಬತ್ತರ ದಶಕದಲ್ಲಿ ತಿಪಟೂರಿನಲ್ಲಿ ಕಾಲೇಜು ಓದುತ್ತಿದ್ದಾಗ, ರಜೆಗೆ ಬಂದವಳು ಬಸ್ಸಿಳಿದು ಊರಿಗೆ ನಡೆದು ಬರುತ್ತಿದ್ದೆ. ಅಜ್ಜಿ ತಲೆಯ ಮೇಲೆ ನಾರಿನ ಹೊರೆ ಹೊತ್ತು ಎದುರಾದಳು. ಕೈಯ ಚರ್ಮ ಸಿಪ್ಪೆಯ ನೀರಿಗೆ ಕಪ್ಪಾಗಿ ಬಿರಿದಿತ್ತು. ಏನು ಓದುತ್ತಿದ್ದೀಯ, ಅಮ್ಮ ಚೆನ್ನಾಗಿದ್ದಾಳಾ ಎಂದೆಲ್ಲ ಕೇಳಿದಳು. ನಾನು ಎಷ್ಟೋ ದಿನದಿಂದ ಮನಸ್ಸಿನಲ್ಲಿ ಜೋಡಿಸಿಟ್ಟಿದ್ದ ಮಾತನ್ನು ತೆಗೆದೆ. ಅಜ್ಜಿ, ಆವತ್ತು ನಾನು, ಎನ್ನುವಷ್ಟರಲ್ಲಿ ಅವಳು ಕೈ ಅಡ್ಡ ಮಾಡಿದಳು.

“ಆ ಮಾತು ಎತ್ತಬ್ಯಾಡ ಕಣವ್ವ. ಎತ್ತಿದ ದಿನ ನಂಗೆ ನೀರು ಇಳಿಯಲ್ಲ.”

ಹೊರೆ ಸರಿಮಾಡಿಕೊಂಡು ಹೋದಳು. ನನ್ನ ಮಾತು ನನ್ನಲ್ಲೇ ಉಳಿಯಿತು. ಅವಳು ಆಮೇಲೂ ಹಲವು ವರ್ಷ ಬದುಕಿದಳು, ಹುಚ್ಚು ಬರಲಿಲ್ಲ. ಒಂದು ಬೇಸಿಗೆಯಲ್ಲಿ, ಕಂದಿಕೆರೆಯಲ್ಲಿದ್ದ ತಮ್ಮನ ಮನೆಯಲ್ಲಿ ತೀರಿಕೊಂಡಳಂತೆ. ಯಾವ ಕಾಯಿಲೆ ಎಂದು ಊರಿನಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಆದರೆ ಅವಳು ಎದುರಾದ ಆ ದಿನ ಮನೆಗೆ ಬಂದಾಗ ಅಪ್ಪ ಊಟಕ್ಕೆ ಕೂತಿದ್ದ. ಬಸ್ಸು ಬಂದು ಇಷ್ಟು ಹೊತ್ತಾಯಿತಲ್ಲ, ದಾರಿಯಲ್ಲಿ ಯಾರ ಜೊತೆ ನಿಂತಿದ್ದೆ ಎಂದು ಕೇಳಿದ. ಹೇಳಿದೆ. ಹೇಗಿದ್ದಾಳೆ ಎಂದ. ಚೆನ್ನಾಗಿದ್ದಾಳೆ ಎಂದೆ.

“ನೋಡ್ದಾ,” ಅಂದ ಅಪ್ಪ, “ಆಯಮ್ಮಂಗೆ ಏನಾಯ್ತು? ಏನೂ ಆಗ್ಲಿಲ್ಲ.”

ಅಮ್ಮ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು.